ಸಾಕಾಗಿ ಹೋಗಿದೆ, ಆದರೆ ಈಗ ಕೆಲಸ ಬಿಡೋ ಹಾಗೂ ಇಲ್ಲ: ಬರ್ನ್‌ಔಟ್ ಆದವರಿಗೆ ಒಂದು ಮಾರ್ಗದರ್ಶಿ

ಕೆಲವು ತಿಂಗಳಿಂದ ನನಗೆ ಬರುತ್ತಿರುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಒಂದೇ. ಟೀಮಲ್ಲಿ ಹತ್ತು ಜನ ಇದ್ದೆವು, ನಾಲ್ಕು ಜನರನ್ನು ಮನೆಗೆ ಕಳಿಸಿದರು, ಉಳಿದ ಆರು ಜನ ಹತ್ತು ಜನರ ಕೆಲಸ ಎಳೆಯುತ್ತಿದ್ದೇವೆ. ಮೈಯೂ ಕೇಳುತ್ತಿಲ್ಲ, ಮನಸ್ಸೂ ಕೇಳುತ್ತಿಲ್ಲ. ರಜೆ ಕೇಳಿದರೆ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರೇ ಬಂದುಬಿಟ್ಟರೆ ಅಂತ ಭಯ. ಬಿಟ್ಟುಬಿಡೋಣ ಅಂದರೆ ಮನೆ ಸಾಲದ ಕಂತು, ಊರಲ್ಲಿ ಅಪ್ಪನ ಔಷಧಿ, ಮಗುವಿನ ಸ್ಕೂಲ್ ಫೀಸು. ಏನು ಮಾಡೋದು?

ಕೇಳುವವರು ವೈಟ್‌ಫೀಲ್ಡಿನ ಐಟಿಯವರು ಮಾತ್ರ ಅಲ್ಲ. ಪೀಣ್ಯದಲ್ಲಿ ಶಿಫ್ಟ್ ನೋಡಿಕೊಳ್ಳುವವರು ಕೇಳುತ್ತಾರೆ, ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು ಕೇಳುತ್ತಾರೆ, ನರ್ಸುಗಳು ಕೇಳುತ್ತಾರೆ. 2020–21ರಲ್ಲಿ ಕೋವಿಡ್ ಕಾಲದಲ್ಲೂ ಇದೇ ಪ್ರಶ್ನೆ ಇತ್ತು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದು ಕಡೆ ಇಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಯೋಗ ಮಾಡಿ, ಪಾಸಿಟಿವ್ ಆಗಿರಿ ಅಂತ ನಿಮಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ಯೋಗ ಒಳ್ಳೆಯದೇ. ಆದರೆ ತಲೆ ಮೇಲೆ ಮೂಟೆ ಹೊತ್ತವನಿಗೆ ಮೊದಲು ಮೂಟೆ ಇಳಿಸಬೇಕು, ಮೈ ಕೈ ಒತ್ತುವುದು ಆಮೇಲೆ. ಅದಕ್ಕೇ ಇಲ್ಲಿ ಭಾರ ಇಳಿಸುವ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಬರ್ನ್‌ಔಟ್ ಅಂದರೆ ಏನು, ಏನಲ್ಲ

ಈ ಪದವನ್ನು 1974ರಲ್ಲಿ ಚಾಲ್ತಿಗೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ. ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದವರು ಬತ್ತಿ ಹೋಗುವುದನ್ನು ನೋಡಿ ಬರೆದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರು ನೋಡಿದ್ದು ಸೋಮಾರಿಗಳನ್ನಲ್ಲ, ಕೆಲಸದ ಮೇಲೆ ಪ್ರಾಣ ಇಟ್ಟುಕೊಂಡವರನ್ನು. ನಿಮಗೆ ಹೀಗಾಗಿದೆ ಅಂದರೆ ಬಹುಶಃ ನೀವೂ ಅಂಥವರೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ವರ್ಗೀಕರಣದ ಹೊಸ ಆವೃತ್ತಿಯಲ್ಲಿ ಬರ್ನ್‌ಔಟನ್ನು ಹೀಗೆ ವಿವರಿಸಿತು: ಕೆಲಸದ ಜಾಗದ ಒತ್ತಡ ಬಹಳ ದಿನ ಮುಂದುವರಿದು, ಅದನ್ನು ಸರಿಯಾಗಿ ನಿಭಾಯಿಸಲಾಗದೆ ಹೋದಾಗ ಬರುವ ಸ್ಥಿತಿ. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಕರೆಯಿತು. ಮೂರು ಲಕ್ಷಣ ಹೇಳುತ್ತದೆ. ನಮ್ಮ ಮಾತಲ್ಲಿ ಹೇಳುವುದಾದರೆ:

– ಮಲಗಿ ಎದ್ದರೂ ಹೋಗದ ಸುಸ್ತು.
– ಕೆಲಸದ ಬಗ್ಗೆ, ಜೊತೆಯವರ ಬಗ್ಗೆ "ಏನಾದ್ರೂ ಆಗ್ಲಿ, ನನಗೇನು" ಅನ್ನುವ ಕಹಿ.
– ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಎರಡು ಗಂಟೆ ಹಿಡಿಯುವುದು, "ನನ್ನ ಕೈಲಿ ಆಗಲ್ಲ" ಅನ್ನಿಸುವುದು.

ಮೂರೂ ಇದ್ದು, ವಾರಗಟ್ಟಲೆ ಇದ್ದರೆ ಮುಂದೆ ಓದಿ. ಬರೀ ಮೊದಲನೆಯದು ಇದ್ದರೆ ನಿಮಗೆ ಬೇಕಾಗಿರುವುದು ನಿದ್ದೆಯೋ ರಕ್ತ ಪರೀಕ್ಷೆಯೋ ಇರಬಹುದು. ಅದು 1ನೇ ಹಂತದಲ್ಲಿದೆ.

ಬಿಕ್ಕಟ್ಟಿನ ಕಾಲದಲ್ಲಿ ಇದು ಯಾಕೆ ಬೇರೆ? ಮಾಮೂಲಿ ದಿನಗಳಲ್ಲಿ ಕೆಲಸ ಜಾಸ್ತಿಯಾದರೂ "ರಿಲೀಸ್ ಮುಗಿದರೆ ಸಾಕು", "ಮಾರ್ಚ್ ಕಳೆದರೆ ಸಾಕು" ಅಂತ ಒಂದು ದಡ ಕಾಣುತ್ತಿರುತ್ತದೆ. ಈಗ ದಡವೇ ಕಾಣುವುದಿಲ್ಲ. ಮೊದಲ ಎರಡು ಮೂರು ವಾರ ಎಲ್ಲರೂ ಸೊಂಟ ಕಟ್ಟಿ ನಿಲ್ಲುತ್ತಾರೆ, ಒಂದು ಹುಮ್ಮಸ್ಸೂ ಇರುತ್ತದೆ. ತೊಂದರೆ ಶುರುವಾಗುವುದು ಮೂರನೇ ತಿಂಗಳಲ್ಲಿ, ಇನ್ನೂ ಅದೇ ವೇಗದಲ್ಲಿ ಓಡುತ್ತಿರುವಾಗ.

ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ಇಪ್ಪತ್ತು ರೂಪಾಯಿ ನೋಟ್‌ಬುಕ್ಕು. ಕಳೆದ ಎರಡು ತಿಂಗಳ ಕ್ಯಾಲೆಂಡರ್ ಅಥವಾ ಹಾಜರಿ ವಿವರ. ಕೆಲಸಕ್ಕೆ ಸೇರುವಾಗ ಕೊಟ್ಟ ನೇಮಕಾತಿ ಪತ್ರ, ಇತ್ತೀಚಿನ ಸಂಬಳದ ಚೀಟಿ, ಕಂಪನಿಯ ರಜೆ ನಿಯಮ. ನಂಬಿಕೆಯ ಒಬ್ಬ ವ್ಯಕ್ತಿ. ಆಪ್ ಏನೂ ಬೇಡ. ಕಾಗದಪತ್ರಗಳ ಒಂದು ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲಿ ಇರಲಿ, ಆಫೀಸ್ ಲ್ಯಾಪ್‌ಟಾಪಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಆದರೆ ಕಂಪನಿಯ ಗೌಪ್ಯ ಕಡತಗಳನ್ನು ಹೊರಗೆ ಕಳಿಸಿಕೊಳ್ಳಬೇಡಿ, ಅದೇ ನಿಮ್ಮನ್ನು ತೆಗೆಯಲು ಕಾರಣ ಆಗಬಹುದು. ನಿಮ್ಮ ಪತ್ರ, ನಿಮ್ಮ ಚೀಟಿ ಅಷ್ಟೇ.

1. ಮೊದಲು ಅಪಾಯ ಇದೆಯಾ ನೋಡಿಕೊಳ್ಳಿ

"ಇದ್ದು ಏನು ಪ್ರಯೋಜನ", "ಬೆಳಿಗ್ಗೆ ಏಳದೆ ಹೋದರೆ ಚೆನ್ನಾಗಿರುತ್ತಿತ್ತು" ಅನ್ನುವಂಥ ಯೋಚನೆ ಬರುತ್ತಿದೆಯಾ? ಹಾಗಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ಯಾರಿದ್ದಾರೋ ಅವರಿಗೂ ಹೇಳಿ. ನಾಳೆ ನೋಡೋಣ ಅನ್ನಬೇಡಿ. ಈಗಲೇ ಏನಾದರೂ ಮಾಡಿಕೊಂಡುಬಿಡುತ್ತೇನೆ ಅನ್ನಿಸುತ್ತಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಅಂಥ ಯೋಚನೆ ಇಲ್ಲದಿದ್ದರೆ, ಈ ವಾರವೇ ಒಮ್ಮೆ ಮನೆ ಹತ್ತಿರದ ಡಾಕ್ಟರಿಗೆ ತೋರಿಸಿ. ನಾವು ಬರ್ನ್‌ಔಟ್ ಅಂದುಕೊಂಡ ಸುಸ್ತು ಥೈರಾಯ್ಡ್ ಇರಬಹುದು, ರಕ್ತಹೀನತೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ತುಂಬಾ ಸಾಮಾನ್ಯ, ಅದೂ ಸುಸ್ತು ತರುತ್ತದೆ. ಹಿಮೋಗ್ಲೋಬಿನ್, ಟಿಎಸ್‌ಎಚ್ ಅಂದರೆ ಥೈರಾಯ್ಡ್ ಪರೀಕ್ಷೆ, ಸಕ್ಕರೆ, ಬಿ12, ಡಿ ವಿಟಮಿನ್, ಇವುಗಳಲ್ಲಿ ಯಾವುದು ಬೇಕು ಅಂತ ಅವರೇ ಹೇಳುತ್ತಾರೆ. ದುಡ್ಡಿನ ಚಿಂತೆ ಇದ್ದರೆ ನಿಮ್ಮ ವಾರ್ಡಿನಲ್ಲಿರುವ ಸರ್ಕಾರದ "ನಮ್ಮ ಕ್ಲಿನಿಕ್"ಗೆ ಹೋಗಿ, ಅಲ್ಲಿ ಉಚಿತ.

ಇಲ್ಲಿ ಜನ ಎಡವುವುದು ಎಲ್ಲಿ ಅಂದರೆ, ಮೆಡಿಕಲ್ ಶಾಪಲ್ಲಿ ಕೇಳಿ ನಿದ್ದೆ ಮಾತ್ರೆ ತರುವುದು. ದಯವಿಟ್ಟು ಬೇಡ.

ಈ ಹಂತದಲ್ಲಿ ಇನ್ನೊಂದು ನಿಯಮ: ಮುಂದಿನ ನಾಲ್ಕು ವಾರ ಯಾವ ದೊಡ್ಡ ನಿರ್ಧಾರವೂ ಇಲ್ಲ. ರಾಜೀನಾಮೆ ಇಲ್ಲ, ಊರಿಗೆ ವಾಪಸ್ ಹೋಗುವ ತೀರ್ಮಾನ ಇಲ್ಲ, ಸೈಟು ಮಾರುವುದು ಇಲ್ಲ, ಸಂಬಂಧ ಮುರಿಯುವುದೂ ಇಲ್ಲ. ದಣಿದ ತಲೆಗೆ ಎರಡೇ ದಾರಿ ಕಾಣುತ್ತವೆ, ಸಹಿಸಿಕೋ ಅಥವಾ ಓಡಿಹೋಗು. ಮಧ್ಯದಲ್ಲಿ ಇರುವ ನಾಲ್ಕಾರು ದಾರಿ ಆಗ ಕಾಣುವುದೇ ಇಲ್ಲ.

2. ಏಳು ದಿನದ ಲೆಕ್ಕ ಬರೆಯಿರಿ

ನೋಟ್‌ಬುಕ್ಕು ಈಗ ತೆಗೆಯಿರಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ: ಎಷ್ಟು ಹೊತ್ತಿಗೆ, ಏನು ಕೆಲಸ, ಯಾರು ಹೇಳಿದ್ದು, ಮುಗಿದ ಮೇಲೆ ಹೇಗನ್ನಿಸಿತು. ಕೊನೆಯ ಕಾಲಮ್ಮಿನಲ್ಲಿ ಕತೆ ಬೇಡ. ಹಗುರ, ಪರವಾಗಿಲ್ಲ, ಹಿಂಡಿತು, ಇವು ಮೂರರಲ್ಲಿ ಒಂದು. ದಿನಕ್ಕೆ ಮೂರು ಸಲ, ಎರಡೆರಡು ನಿಮಿಷ ಸಾಕು. ಬಸ್ಸಲ್ಲಿ ಕೂತ ಹೊತ್ತನ್ನೂ ಬರೆಯಿರಿ. ಸಿಲ್ಕ್ ಬೋರ್ಡಿನಲ್ಲಿ ನಿಂತ ಮುಕ್ಕಾಲು ಗಂಟೆಯೂ ನಿಮ್ಮ ಮೈಯಿಂದಲೇ ಹೋಗುವುದು, ಅಲ್ವಾ? ಮನೆಯಲ್ಲಿ ನೀರಿನ ಟ್ಯಾಂಕರಿಗೆ ಫೋನ್ ಮಾಡಿದ್ದು, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು, ಅದೂ ಬರಲಿ.

ನನ್ನದೇ ಹಾಳೆ ಹೇಳುತ್ತೇನೆ. ನಾನು ಗಂಟೆ ಜಾಸ್ತಿಯಾಗಿದೆ, ಅದಕ್ಕೇ ಸುಸ್ತು ಅಂದುಕೊಂಡಿದ್ದೆ. ಏಳು ದಿನ ಬರೆದು ನೋಡಿದರೆ "ಹಿಂಡಿತು" ಅನ್ನುವ ಪದ ವಾರದಲ್ಲಿ ನಾಲ್ಕು ದಿನ ಒಂದೇ ಸಾಲಿನಲ್ಲಿ ಇತ್ತು: ರಾತ್ರಿ 9.30ರ ಕಾಲ್. ಕಾಲ್ ಇರುತ್ತಿದ್ದುದು ಅರ್ಧ ಗಂಟೆ. ಆದರೆ ಸಂಜೆ ಆರರಿಂದಲೇ ತಲೆಯಲ್ಲಿ ಅದೇ ಓಡುತ್ತಿತ್ತು, ಊಟಕ್ಕೆ ಕೂತರೂ ಫೋನ್ ತಟ್ಟೆಯ ಪಕ್ಕ ಇರುತ್ತಿತ್ತು, ಕಾಲ್ ಮುಗಿದ ಮೇಲೂ ರಾತ್ರಿ ಒಂದು ಗಂಟೆವರೆಗೆ ನಿದ್ದೆ ಹತ್ತುತ್ತಿರಲಿಲ್ಲ. ಅರ್ಧ ಗಂಟೆಯ ಕಾಲ್ ಏಳು ಗಂಟೆ ತಿನ್ನುತ್ತಿತ್ತು. ಬರೆಯದೆ ಇದ್ದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಏಳು ದಿನ ಆದ ಮೇಲೆ "ಹಿಂಡಿತು" ಇರುವ ಸಾಲುಗಳಿಗೆಲ್ಲ ಗೆರೆ ಎಳೆದು, ಪ್ರತಿಯೊಂದಕ್ಕೂ ಕಾರಣ ಬರೆಯಿರಿ. ಬರ್ನ್‌ಔಟ್ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಎಂಬ ಮನಶ್ಶಾಸ್ತ್ರಜ್ಞರು ಕಾರಣಗಳನ್ನು ಆರು ಗುಂಪು ಮಾಡಿದ್ದಾರೆ. ಕೆಲಸದ ಹೊರೆ. ನಮ್ಮ ಕೆಲಸದ ಮೇಲೆ ನಮಗೇ ಹಿಡಿತ ಇಲ್ಲದಿರುವುದು. ಪಟ್ಟ ಶ್ರಮಕ್ಕೆ ಹಣವೋ ಒಳ್ಳೆಯ ಮಾತೋ ಸಿಗದಿರುವುದು. ಜೊತೆಯವರ ಜೊತೆ ಸರಿಬರದಿರುವುದು. ತಾರತಮ್ಯ. ಕೊನೆಯದು, ನಾವು ಸರಿ ಅಂದುಕೊಂಡಿದ್ದಕ್ಕೆ ವಿರುದ್ಧವಾದ ಕೆಲಸ ಮಾಡಬೇಕಾಗಿ ಬರುವುದು. ಈ ಆರನ್ನು ಇಟ್ಟುಕೊಂಡು ನಿಮ್ಮ ಸಾಲುಗಳನ್ನು ನೋಡಿ. ಲೇಆಫ್ ಆದ ಟೀಮುಗಳಲ್ಲಿ ಬರೀ ಹೊರೆ ಇರುವುದಿಲ್ಲ. ಪಕ್ಕದ ಸೀಟಿನವರು ಹೋದ ದುಃಖ ಇರುತ್ತದೆ, "ಅವರು ಹೋದರು, ನಾನು ಉಳಿದೆ" ಅನ್ನುವ ಸಂಕಟ ಇರುತ್ತದೆ. ಅದು ಹೊರೆ ಕಡಿಮೆ ಮಾಡಿದರೆ ಹೋಗುವುದಿಲ್ಲ. ಹೋದವರಿಗೆ ಒಂದು ಫೋನ್ ಮಾಡಿ ಮಾತಾಡಿದರೆ ಸ್ವಲ್ಪ ಹೋಗುತ್ತದೆ.

3. ಭಾರ ಇಳಿಸಿ

ಕಷ್ಟದ ಹಂತ ಇದೇ, ಹೆಚ್ಚಿನವರು ಹಾರಿಸಿ ಹೋಗುವುದೂ ಇದನ್ನೇ.

ಮ್ಯಾನೇಜರ್ ಹತ್ತಿರ ಹೋಗಿ "ನನಗೆ ಆಗುತ್ತಿಲ್ಲ" ಅಂದರೆ ಅವರು ಏನು ಮಾಡಬೇಕು ಹೇಳಿ? ಅವರಿಗೂ ಮೇಲಿನವರ ಒತ್ತಡ. "ಎಲ್ಲರಿಗೂ ಹಾಗೇ ಇದೆ, ಸ್ವಲ್ಪ ದಿನ ಅಡ್ಜಸ್ಟ್ ಮಾಡಿ" ಅಂದು ಕಳಿಸುತ್ತಾರೆ. ನೀವು ಇನ್ನಷ್ಟು ಕುಗ್ಗಿ ಬರುತ್ತೀರಿ. ಅದಕ್ಕೇ ಬರಿಗೈಯಲ್ಲಿ ಹೋಗಬೇಡಿ, ಪಟ್ಟಿ ತೆಗೆದುಕೊಂಡು ಹೋಗಿ.

ಪಟ್ಟಿ ಹೀಗಿರಲಿ. ಈಗ ನಿಮ್ಮ ಕೈಲಿರುವ ಎಲ್ಲ ಕೆಲಸ, ಒಂದೊಂದು ಸಾಲು. ಪ್ರತಿಯೊಂದಕ್ಕೂ ವಾರಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಪಕ್ಕದಲ್ಲಿ. ಕೆಳಗೆ ಒಟ್ಟು. 68 ಗಂಟೆ ಅಂತ ಬಂದರೆ 68 ಅಂತಲೇ ಬರೆಯಿರಿ, ಸಂಕೋಚಪಟ್ಟು 55 ಮಾಡಬೇಡಿ. ಯಾವ ಕೆಲಸ ಬಿಟ್ಟುಹೋದವರಿಂದ ನಿಮಗೆ ಬಂತು ಅನ್ನುವುದಕ್ಕೆ ಒಂದು ಗುರುತು ಹಾಕಿ. ಕೊನೆಗೆ ನಿಮ್ಮದೇ ಸಲಹೆ: ಇವು ಮೂರನ್ನು ನಾನು ಮಾಡುತ್ತೇನೆ, ಇದನ್ನು ಮುಂದಿನ ತಿಂಗಳಿಗೆ ತಳ್ಳಬಹುದು, ಇದನ್ನು ನಿಲ್ಲಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ಜಾತಿಯ ಕೆಲಸ ಎಲ್ಲ ಆಫೀಸಲ್ಲೂ ಇರುತ್ತದೆ. ಯಾರೋ ಎರಡು ವರ್ಷದ ಹಿಂದೆ ಕೇಳಿದ ರಿಪೋರ್ಟು, ಇವತ್ತಿಗೂ ಪ್ರತಿ ಶುಕ್ರವಾರ ಹೋಗುತ್ತಿರುತ್ತದೆ, ಯಾರೂ ತೆರೆದು ನೋಡುವುದಿಲ್ಲ.

ಮಾತು ಹೀಗೆ ಶುರು ಮಾಡಬಹುದು, ನಿಮ್ಮ ಆಫೀಸಿನ ರೀತಿಗೆ ಬದಲಿಸಿಕೊಳ್ಳಿ: "ಸರ್, ನನ್ನ ಹತ್ತಿರ ಈಗ ಹನ್ನೊಂದು ಕೆಲಸ ಇವೆ. ಎಲ್ಲ ಸೇರಿ ವಾರಕ್ಕೆ 68 ಗಂಟೆ ಆಗುತ್ತೆ. ಹೀಗೇ ಹೋದರೆ ಮುಖ್ಯವಾದದ್ದರಲ್ಲೇ ತಪ್ಪಾಗುತ್ತೆ, ಅದು ನನಗೆ ಇಷ್ಟ ಇಲ್ಲ. ಈ ತಿಂಗಳು ಯಾವ ನಾಲ್ಕು ಮೊದಲು ಆಗಬೇಕು ಅಂತ ನೀವು ಹೇಳಿ, ಉಳಿದದ್ದಕ್ಕೆ ನಾನೊಂದು ದಿನಾಂಕ ಹಾಕಿಕೊಂಡು ಬಂದಿದ್ದೀನಿ, ಒಂದ್ಸಲ ನೋಡಿ."

"ಎಲ್ಲಾ ಮುಖ್ಯ" ಅಂದರೆ? ಆಗಾಗ ಅಂತಾರೆ. ಆಗ ಪಟ್ಟಿಯನ್ನು ಅವರ ಮುಂದೆ ಇಟ್ಟು, "ಸರಿ ಸರ್, ನಾಳೆ ಬೆಳಿಗ್ಗೆ ನಾನು ಮೊದಲು ಯಾವುದನ್ನು ಹಿಡೀಲಿ?" ಅಂತ ಕೇಳಿ. ಒಂದಕ್ಕೆ ಬೆರಳು ಇಡಲೇಬೇಕಾಗುತ್ತದೆ. ಅದು ಮುಗಿದ ಮೇಲೆ ಯಾವುದು ಅಂತ ಮತ್ತೆ ಕೇಳಿ.

ಎಡವುವ ಜಾಗಗಳು ಇಲ್ಲಿ ಜಾಸ್ತಿ, ಸ್ವಲ್ಪ ನಿಧಾನವಾಗಿ ಓದಿ. ಶುಕ್ರವಾರ ಸಂಜೆ ಕುಸಿದು ಕೂತಿರುವಾಗ ಈ ಮಾತು ಎತ್ತಬೇಡಿ, ವಾರದ ನಡುವೆ ಬೆಳಿಗ್ಗೆ ಹೊತ್ತು ಸಮಯ ಕೇಳಿ ಹೋಗಿ. ಮಾತಾದ ಮೇಲೆ ಅದೇ ದಿನ ಒಂದು ಸಣ್ಣ ಮೇಲ್ ಹಾಕಿ: "ಇವತ್ತು ಮಾತಾಡಿದ ಹಾಗೆ ಈ ನಾಲ್ಕು ಮೊದಲು, ಉಳಿದವು ಈ ದಿನಾಂಕಕ್ಕೆ." ಬಿಕ್ಕಟ್ಟಿನ ಕಾಲದಲ್ಲಿ ಮ್ಯಾನೇಜರೇ ಬದಲಾಗಿಬಿಡಬಹುದು, ಹೊಸಬರಿಗೆ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕು. ಮತ್ತೆ, ಇಳಿಸಿಕೊಂಡ ಕೆಲಸವನ್ನು ಗುಟ್ಟಾಗಿ ರಾತ್ರಿ ಕೂತು ಮಾಡಬೇಡಿ. ಒಳ್ಳೆಯ ಕೆಲಸಗಾರರು ಮಾಡುವ ತಪ್ಪು ಇದು. ನೀವು ಮಾಡಿ ಮುಗಿಸುತ್ತಾ ಇದ್ದರೆ ಜನ ಕಡಿಮೆ ಇದ್ದಾರೆ ಅನ್ನುವುದು ಮೇಲಿನವರಿಗೆ ಯಾವತ್ತೂ ಕಾಣುವುದಿಲ್ಲ.

ಗುತ್ತಿಗೆ ಮೇಲೆ ಇರುವವರಿಗೆ, ದಿನಗೂಲಿಯವರಿಗೆ, ಡೆಲಿವರಿ ಮಾಡುವವರಿಗೆ ಈ ಮಾತುಕತೆ ಇಷ್ಟು ಸುಲಭ ಇಲ್ಲ, ಗೊತ್ತು. ನೀವು ಒಬ್ಬರೇ ಹೋಗಬೇಡಿ. ಅದೇ ಶಿಫ್ಟಿನ ಮೂರು ನಾಲ್ಕು ಜನ ಸೇರಿ ಒಂದೇ ಒಂದು ವಿಷಯ ಕೇಳಿ. ಎರಡು ಶಿಫ್ಟ್ ಬೆನ್ನುಬೆನ್ನಿಗೆ ಹಾಕಬೇಡಿ ಅನ್ನುವಂಥದ್ದು, ಸಣ್ಣದು, ಕೊಡಬಹುದಾದದ್ದು.

4. ನಿಮಗೆ ಬರಬೇಕಾದ್ದು ಏನು, ತಿಳಿದುಕೊಳ್ಳಿ

ಕಾನೂನು ಹಿಡಿದು ಜಗಳಕ್ಕೆ ಹೋಗಿ ಅಂತ ಹೇಳುತ್ತಿಲ್ಲ. ಆದರೆ ಗೊತ್ತಿದ್ದರೆ ಮಾತಿಗೆ ಬಲ ಬರುತ್ತದೆ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐಟಿ ಕಂಪನಿಗಳನ್ನೂ ಒಳಗೊಳ್ಳುತ್ತದೆ. ಅದರಲ್ಲಿ ಮೂಲ ಲೆಕ್ಕ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಜಾಸ್ತಿ ಮಾಡಿಸಿದರೆ ಓವರ್‌ಟೈಮ್, ಅದಕ್ಕೆ ಎರಡು ಪಟ್ಟು ಕೂಲಿ. ಆಡಳಿತದ ಹುದ್ದೆಯಲ್ಲಿ ಇರುವವರಿಗೆ ಇದು ಅನ್ವಯಿಸುವುದಿಲ್ಲ, ಹಾಗಾಗಿ ನಿಮ್ಮ ಹುದ್ದೆಯ ಹೆಸರು ನೇಮಕಾತಿ ಪತ್ರದಲ್ಲಿ ಏನಿದೆ ನೋಡಿ. ಗಳಿಕೆ ರಜೆ ಬೇರೆ, ಕಾಯಿಲೆ ರಜೆ ವರ್ಷಕ್ಕೆ 12 ದಿನ ಬೇರೆ. 2024ರಲ್ಲಿ ಐಟಿಯವರ ಕೆಲಸದ ಹೊತ್ತನ್ನು 14 ಗಂಟೆಗೆ ಏರಿಸುವ ಪ್ರಸ್ತಾಪ ಬಂದಾಗ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಬೀದಿಗೆ ಇಳಿದು ವಿರೋಧಿಸಿದ್ದು ನಿಮಗೆ ನೆನಪಿರಬಹುದು. ಆ ಸಂಘ 2017ರಿಂದ ಇದೆ. ಬಲವಂತದ ರಾಜೀನಾಮೆಯಂಥ ವಿಷಯ ಬಂದರೆ ಅವರ ಹತ್ತಿರ ಕೇಳಬಹುದು.

ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗೆ ಇದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಕಟ್ಟುತ್ತಿದ್ದರೆ, ಡಾಕ್ಟರ್ ಪ್ರಮಾಣಪತ್ರ ಕೊಟ್ಟಾಗ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಎಷ್ಟೋ ಅಕ್ಕಂದಿರಿಗೆ ಇದು ಗೊತ್ತಿಲ್ಲ, ಕೂಲಿ ಹೋಗುತ್ತೆ ಅಂತ ಜ್ವರದಲ್ಲೂ ಮಿಷನ್ ಮುಂದೆ ಕೂತಿರುತ್ತಾರೆ. ರಾಜಾಜಿನಗರದಲ್ಲೂ ಇಂದಿರಾನಗರದಲ್ಲೂ ಇಎಸ್‌ಐ ಆಸ್ಪತ್ರೆ ಇದೆ.

ರಜೆ ಹಾಕುವುದಾದರೆ ಒಂದೊಂದು ದಿನ ಚಿಲ್ಲರೆ ಚಿಲ್ಲರೆಯಾಗಿ ಹಾಕಬೇಡಿ. ಒಂದು ದಿನದ ರಜೆ ನಿದ್ದೆಗೇ ಹೋಗುತ್ತದೆ. ಶನಿವಾರ ಭಾನುವಾರ ಸೇರಿಸಿ ಐದು ದಿನ ಒಟ್ಟಿಗೆ ಸಿಗುವ ಹಾಗೆ ಹಾಕಿ. ಹೋಗುವ ಮುಂಚೆ ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅಂತ ಮೇಲಲ್ಲಿ ಹೆಸರು ಹಾಕಿ, ಇಲ್ಲದಿದ್ದರೆ ಫೋನ್ ನಿಮಗೇ ಬರುತ್ತದೆ.

5. ದಿನದಲ್ಲಿ ಸಣ್ಣ ಸಣ್ಣ ಬೇಲಿ ಹಾಕಿ

ಭಾರ ಇಳಿಸುವುದಕ್ಕೆ ವಾರಗಳು ಬೇಕು. ಅಲ್ಲಿಯವರೆಗೆ ಮೈ ತಡೆದುಕೊಳ್ಳಬೇಕಲ್ಲ.

ಕೆಲಸ ಮುಗಿಯಿತು ಅನ್ನುವುದಕ್ಕೆ ಒಂದು ಗುರುತು ಇರಲಿ. ನನ್ನ ಅಜ್ಜಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂಜಿಯಿಂದ ದಾರ ಬಿಡಿಸಿ, ಮಿಷನ್ ಮೇಲೆ ಹಳೇ ಸೀರೆಯ ತುಂಡು ಹೊದಿಸಿಬಿಡುತ್ತಿದ್ದರು. ಆಮೇಲೆ ಯಾರೇ ಬಂದು "ಒಂದು ಹೊಲಿಗೆ ಹಾಕಿಕೊಡಿ" ಅಂದರೂ "ಬಟ್ಟೆ ಹೊದಿಸಾಯ್ತಮ್ಮ, ಬೆಳಿಗ್ಗೆ ಬಾ" ಅನ್ನುತ್ತಿದ್ದರು. ಒಂದೇ ರೂಮಿನ ಮನೆಯಲ್ಲಿ, ಪಿಜಿಯ ಮಂಚದ ಮೇಲೆ ಕೂತು ಕೆಲಸ ಮಾಡುವವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ, ಮೇಲೊಂದು ಟವಲ್ ಹೊದಿಸಿ. ಕಣ್ಣಿಗೆ ಕಾಣದಿದ್ದರೆ ಕೈ ಸುಮ್ನೆ ಅದರ ಕಡೆ ಹೋಗುವುದಿಲ್ಲ. ಆಫೀಸಿಂದ ಬರುವವರು ಒಂದು ಸ್ಟಾಪ್ ಮೊದಲೇ ಇಳಿದು ನಡೆದು ಬನ್ನಿ. ಆ ಹತ್ತು ನಿಮಿಷ ಫೋನ್ ಜೇಬಲ್ಲಿ.

ಮಧ್ಯಾಹ್ನದ ಊಟ ಬಿಡಬೇಡಿ, ಸ್ಕ್ರೀನ್ ಮುಂದೆ ತಿನ್ನಬೇಡಿ. ಕಾಫಿ ಮಧ್ಯಾಹ್ನ ಮೂರಕ್ಕೆ ಕೊನೆ. ಕುಡಿದು ಐದು ಗಂಟೆಯಾದರೂ ಅದರ ಕೆಫೀನಿನಲ್ಲಿ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ, ಸಂಜೆ ಆರರ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೂ ನಿಮ್ಮನ್ನು ಬಿಟ್ಟಿರುವುದಿಲ್ಲ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿ. ದಿನಾ ಒಂದೇ ಹೊತ್ತಿಗೆ ಎದ್ದರೆ ನಿದ್ದೆ ತಾನಾಗಿ ದಾರಿಗೆ ಬರುತ್ತದೆ. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ಸೋಮವಾರ ಇನ್ನೂ ಕಷ್ಟ.

ದಿನವೆಲ್ಲ ನನ್ನದೇ ಹೊತ್ತು ಸಿಗಲಿಲ್ಲ ಅಂತ ರಾತ್ರಿ ಒಂದರವರೆಗೆ ರೀಲ್ಸ್ ನೋಡುವುದು ನಿಮಗೂ ಗೊತ್ತಿರುತ್ತದೆ. ಆ ಹಂಬಲದಲ್ಲಿ ತಪ್ಪಿಲ್ಲ. ಆದರೆ ಆ ಹೊತ್ತನ್ನು ಬೆಳಿಗ್ಗೆಗೆ ತನ್ನಿ. ಇಪ್ಪತ್ತು ನಿಮಿಷ, ಯಾರೂ ಏಳುವ ಮುಂಚೆ. ಹತ್ತಿರ ಇದ್ದವರಿಗೆ ಲಾಲ್‌ಬಾಗ್ ಇದೆ, ಕಬ್ಬನ್ ಪಾರ್ಕ್ ಇದೆ. ಇಲ್ಲದಿದ್ದರೆ ಬಡಾವಣೆಯ ಪಾರ್ಕೇ ಸಾಕು. ಶುಕ್ರವಾರ ರಾತ್ರಿಯ ಕುಡಿತವನ್ನು ಮಾತ್ರ ವಿಶ್ರಾಂತಿಯ ಲೆಕ್ಕಕ್ಕೆ ಹಾಕಬೇಡಿ. ಅದು ನಿದ್ದೆಯನ್ನು ಕೆಡಿಸುತ್ತದೆ.

ಸುದ್ದಿಗೂ ಬೇಲಿ ಬೇಕು. "ಇನ್ನೂ ಒಂದು ರೌಂಡ್ ಇದೆಯಂತೆ" ಅನ್ನುವ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ, ದಿನಕ್ಕೆ ಎರಡು ಸಲ ಮಾತ್ರ ನೋಡಿ.

6. ಮನೆಯಲ್ಲಿ ಹೇಳಿ

"ಏನಾಯ್ತೋ?" ಅಂದರೆ "ಏನಿಲ್ಲಮ್ಮ" ಅನ್ನುವುದು ನಮಗೆಲ್ಲ ಅಭ್ಯಾಸ. ಮನೆಯವರಿಗೆ ನಿಮ್ಮ ಸಿಡುಕು ಮಾತ್ರ ಕಾಣುತ್ತಿರುತ್ತದೆ, ಕಾರಣ ಗೊತ್ತಿರುವುದಿಲ್ಲ. ಅವರು ತಮ್ಮ ಮೇಲೆ ಕೋಪ ಅಂದುಕೊಳ್ಳುತ್ತಾರೆ.

ಬರ್ನ್‌ಔಟ್ ಅನ್ನುವ ಪದ ಅಮ್ಮನಿಗೆ ಬೇಕಾಗಿಲ್ಲ. "ಅಮ್ಮ, ಆಫೀಸಲ್ಲಿ ಜನ ಕಡಿಮೆ ಆಗಿ ಕೆಲಸ ಮೈಮೇಲೆ ಬಿದ್ದಿದೆ. ಮೈಗೆ ಆಗ್ತಾ ಇಲ್ಲ. ಡಾಕ್ಟರಿಗೆ ತೋರಿಸಿದ್ದೀನಿ. ಒಂದೆರಡು ತಿಂಗಳು ಮದುವೆ ಮುಂಜಿ ಓಡಾಟ ನನಗೆ ಹಚ್ಚಬೇಡ" ಅಂದರೆ ಸಾಕು. "ಎಲ್ಲರಿಗೂ ಇರೋದೇ ಕಣೋ" ಅನ್ನಬಹುದು. ಬೇಜಾರು ಮಾಡಿಕೊಳ್ಳಬೇಡಿ, ಎರಡು ದಿನ ಬಿಟ್ಟು ನೋಡಿದರೆ ಅವರೇ ಡಬ್ಬಿಗೆ ಒಂದು ಚಪಾತಿ ಜಾಸ್ತಿ ಹಾಕಿರುತ್ತಾರೆ. ಗಂಡನಿಗೋ ಹೆಂಡತಿಗೋ ಹೇಳುವಾಗ ಕಷ್ಟದ ಜೊತೆ ಒಂದು ನಿರ್ದಿಷ್ಟ ಕೆಲಸ ಕೇಳಿ. "ಸ್ವಲ್ಪ ಸಹಾಯ ಮಾಡಿ" ಅಂದರೆ ಏನೂ ಆಗುವುದಿಲ್ಲ. "ಬೆಳಿಗ್ಗೆ ಮಗುವನ್ನು ವ್ಯಾನಿಗೆ ಹತ್ತಿಸುವುದು ಈ ತಿಂಗಳು ನಿಮ್ಮದು" ಅಂದರೆ ಆಗುತ್ತದೆ. ಹೆಂಗಸರ ಏಳು ದಿನದ ಲೆಕ್ಕದಲ್ಲಿ ಆಫೀಸಿನ ಮುಂಚಿನ ಎರಡು ಗಂಟೆ, ಆಮೇಲಿನ ಮೂರು ಗಂಟೆ ಇರುತ್ತದೆ. ಆ ಹಾಳೆಯನ್ನೇ ಮನೆಯಲ್ಲಿ ತೋರಿಸಿ.

7. ಹೊರಗಿನ ಸಹಾಯ

ಪದಗಳು ಗೊಂದಲ ಮಾಡುತ್ತವೆ. ಕೌನ್ಸಿಲರ್ ಅಂದರೆ ಮಾತಾಡಿ ದಾರಿ ತೋರಿಸುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಆದವರು, ಔಷಧಿ ಬರೆಯುವುದಿಲ್ಲ. ಸೈಕಿಯಾಟ್ರಿಸ್ಟ್ ಅಂದರೆ ವೈದ್ಯಕೀಯ ಓದಿದ ಮನೋವೈದ್ಯರು, ಔಷಧಿ ಬರೆಯುತ್ತಾರೆ. ಕಂಪನಿಗಳಲ್ಲಿ ಇಎಪಿ ಅಂತ ಇರುತ್ತದೆ, ಅಂದರೆ ಕಂಪನಿ ದುಡ್ಡು ಕೊಟ್ಟು ಹೊರಗಿನ ಕೌನ್ಸಿಲರ್‌ಗಳ ಹತ್ತಿರ ನಿಮಗೆ ಮಾತಾಡಿಸುವ ವ್ಯವಸ್ಥೆ. ಮೊದಲ ಕರೆಯಲ್ಲೇ "ನಾನು ಹೇಳಿದ್ದರಲ್ಲಿ ಕಂಪನಿಗೆ ಏನು ಹೋಗುತ್ತದೆ?" ಅಂತ ನೇರವಾಗಿ ಕೇಳಿ.

ಕೆಲಸದಲ್ಲಿ ಮಾತ್ರ ಅಲ್ಲ, ಬೇರೆ ಯಾವುದರಲ್ಲೂ ಖುಷಿ ಸಿಗದೆ, ರಜೆಯಲ್ಲೂ ಹಗುರ ಆಗದೆ, ಊಟ ನಿದ್ದೆ ಕೆಟ್ಟು ಎರಡು ವಾರ ಕಳೆದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ತಡ ಮಾಡಬೇಡಿ. ನಮ್ಮ ಬೆಂಗಳೂರಲ್ಲೇ ಮಾನಸಿಕ ಆರೋಗ್ಯದ ದೊಡ್ಡ ಸರ್ಕಾರಿ ಆಸ್ಪತ್ರೆ ನಿಮ್ಹಾನ್ಸ್ ಇದೆ. "ನಿಮ್ಹಾನ್ಸಿಗೆ ಹೋದೆ ಅಂದರೆ ಜನ ಏನಂದಾರು" ಅನ್ನುವವರು ಇನ್ನೂ ಇದ್ದಾರೆ. ಅಂಥವರಿಗೆ ಬಿಟಿಎಂ ಬಡಾವಣೆಯಲ್ಲಿ ಅದೇ ಸಂಸ್ಥೆಯ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ, ಆಸ್ಪತ್ರೆಯ ವಾತಾವರಣ ಇಲ್ಲದ, ಸಲಹೆಗೆಂದೇ ಇರುವ ಕೇಂದ್ರ.

ವಿಮೆ ಬಗ್ಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಸಾಕಷ್ಟು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುತ್ತವೆ, ಹೊರರೋಗಿಯಾಗಿ ತೋರಿಸಿದ್ದಕ್ಕೆ ಕೊಡುವುದಿಲ್ಲ. ನಿಮ್ಮದನ್ನು ಓದಿ ನೋಡಿ.

8. ಈಗ ನಿರ್ಧಾರ

ಆರೇಳು ವಾರ ಆದ ಮೇಲೆ ಇನ್ನೊಂದು ಏಳು ದಿನದ ಲೆಕ್ಕ ಬರೆದು ಹಳೆಯದರ ಪಕ್ಕ ಇಡಿ. "ಹಿಂಡಿತು" ಕಡಿಮೆಯಾಗಿದ್ದರೆ ಇದೇ ದಾರಿಯಲ್ಲಿ ಮುಂದುವರಿಯಿರಿ. ಬದಲಾಗಿಲ್ಲ, ಮ್ಯಾನೇಜರ್ ಕಿವಿಗೇ ಹಾಕಿಕೊಳ್ಳುತ್ತಿಲ್ಲ ಅಂದರೆ ಮೊದಲು ಅದೇ ಕಂಪನಿಯಲ್ಲಿ ಬೇರೆ ಟೀಮು ಕೇಳಿ. ಅದೂ ಆಗದಿದ್ದರೆ ಬಿಡುವ ತಯಾರಿ ಮಾಡಿ, ತಯಾರಿ ಮಾಡಿ ಅಂತ ಹೇಳುತ್ತಿದ್ದೇನೆ, ಬಿಡಿ ಅಂತಲ್ಲ.

ತಿಂಗಳ ಖರ್ಚು ಎಷ್ಟು, ಕೈಯಲ್ಲಿರುವ ದುಡ್ಡಲ್ಲಿ ಎಷ್ಟು ತಿಂಗಳು ನಡೆಯುತ್ತದೆ, ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಇಂಥ ಕಾಲದಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದರೆ ಇನ್ನೊಂದು ಕೆಲಸ ಸಿಗುವ ಮುಂಚೆ ಬಿಡಬಾರದು. ಐದು ವರ್ಷ ಆಗಲು ಕೆಲವೇ ತಿಂಗಳಿದ್ದರೆ ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗೆ ಕೊಡುವ ಇಡಿಗಂಟು, ಲೆಕ್ಕಕ್ಕೆ ತೆಗೆದುಕೊಳ್ಳಿ. ನೋಟಿಸ್ ಪೀರಿಯಡ್ ಎಷ್ಟು ದಿನ ಅಂತ ಪತ್ರದಲ್ಲಿ ನೋಡಿ. ಎಲ್ಲಕ್ಕಿಂತ ಮುಖ್ಯ, ಕಂಪನಿ ವಿಮೆ ನೀವು ಬಿಟ್ಟ ದಿನಕ್ಕೇ ನಿಲ್ಲಬಹುದು, ಅಪ್ಪ ಅಮ್ಮ ಅದರಲ್ಲೇ ಇದ್ದರೆ ಅವರದ್ದೂ. ಬಿಡುವ ಮುಂಚೆ ಸ್ವಂತ ಪಾಲಿಸಿ ಮಾಡಿಸಿ, ಅಥವಾ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಿಸಿಕೊಳ್ಳಲು ಆಗುತ್ತದಾ ಕೇಳಿ.

ಒಂದು ಎಚ್ಚರಿಕೆ. ದಿಢೀರ್ ಮೀಟಿಂಗಿಗೆ ಕರೆದು "ನೀವೇ ರಾಜೀನಾಮೆ ಬರೆದುಕೊಟ್ಟುಬಿಡಿ, ಅದು ನಿಮಗೇ ಒಳ್ಳೇದು" ಅಂದರೆ ಅಲ್ಲೇ ಸಹಿ ಹಾಕಬೇಡಿ. "ಮನೆಯಲ್ಲಿ ಮಾತಾಡಿ ಹೇಳುತ್ತೇನೆ, ಏನೇನು ಕೊಡುತ್ತೀರಿ ಅಂತ ಬರಹದಲ್ಲಿ ಕೊಡಿ" ಅನ್ನಿ. ದಣಿದವರು ಒಂದು ಸಲ ಇದೆಲ್ಲ ಮುಗಿದರೆ ಸಾಕು ಅಂತ ಸಹಿ ಹಾಕಿ ಬರುತ್ತಾರೆ, ನಾನು ನೋಡಿದ್ದೇನೆ.

ಹೊಸ ಕೆಲಸ ಸಿಕ್ಕರೆ ಶುಕ್ರವಾರ ಬಿಟ್ಟು ಸೋಮವಾರ ಸೇರಬೇಡಿ. ಹತ್ತು ಹದಿನೈದು ದಿನ ಕೇಳಿ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕೊಡುತ್ತಾರೆ.

ಕೈಕೆಳಗೆ ನಾಲ್ಕು ಜನ ಇರುವವರಿಗೆ

ನೀವೂ ದಣಿದಿದ್ದೀರಿ, ಗೊತ್ತು. ಮೇಲಿನ ಹಂತಗಳೆಲ್ಲ ನಿಮಗೂ ಸೇರಿದ್ದೇ. ಟೀಮಿಗಾಗಿ ಎರಡು ಕೆಲಸ ಮಾಡಿ. ವಾರಕ್ಕೆ ಒಮ್ಮೆ ಪ್ರತಿಯೊಬ್ಬರಿಗೂ "ಈ ವಾರ ಯಾವುದನ್ನು ಬಿಡೋಣ?" ಅಂತ ನೀವೇ ಕೇಳಿ, ಅವರು ಪಟ್ಟಿ ಹಿಡಿದು ಬರುವವರೆಗೆ ಕಾಯಬೇಡಿ. ಮತ್ತೆ, ರಾತ್ರಿ ಹನ್ನೊಂದಕ್ಕೆ ನೆನಪಾಗಿ ಬರೆದ ಮೇಲನ್ನು ಆಗಲೇ ಕಳಿಸಬೇಡಿ, ಬೆಳಿಗ್ಗೆ 9.30ಕ್ಕೆ ಹೋಗುವ ಹಾಗೆ ಶೆಡ್ಯೂಲ್ ಮಾಡಿ.